ಇದ್ದಿಲು ಹಿಡಿಯದ್ದು

ಕಳೆದ ವಾರ ಹೈದರಾಬಾದಿನ ಮಾದಾಪುರದ ಒಂದು ಹೋಟೆಲಿನಲ್ಲಿ ನನ್ನ ಮುಂದೆ ಬೀಕರಿನಲ್ಲಿ ಚಹಾ ತಂದಿಟ್ಟರು. ಬೀಕರು ಅಂದರೆ ಬೀಕರೇ. ಲ್ಯಾಬಿನಲ್ಲಿ ಆಸಿಡ್ ಅಳೆಯುವ, ಹೊಟ್ಟೆಯ ಮೇಲೆ ಬಿಳಿ ಗೆರೆಗಳಿರುವ ಗಾಜಿನ ಪಾತ್ರೆ. ಈಗ ಇದೇ ಫ್ಯಾಶನ್ ಅಂತೆ. ನನ್ನನ್ನು ಕರೆದುಕೊಂಡು ಹೋಗಿದ್ದ ನಾದಿನಿ ಅದರ ಫೋಟೋ ತೆಗೆಯುತ್ತ, "ನಿಮ್ಮ ಲ್ಯಾಬ್ ನೆನಪಾತೇನ್ರಿ ವೈನಿ?" ಎಂದಳು. ನೆನಪಾಯಿತು. ಹಾಲಿಲ್ಲದ ಕರಿ ಚಹಾ, ನಿಂಬೆ, ಜಜ್ಜಿದ ಶುಂಠಿ. ಇಲ್ಲಿ ಇದಕ್ಕೆ ಸುಲೇಮಾನಿ ಅನ್ನುತ್ತಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. ಬೀಕರನ್ನು ಮೇಜಿನ ಆಚೆ ತುದಿಗೆ ನೂಕಿ ನೀರು ಕೇಳಿದೆ.

ನಾದಿನಿಗೆ ಕಾರಣ ಹೇಳಲಿಲ್ಲ. ಹೇಳಲು ಹೊರಟರೆ ಒಂದು ಇಡೀ ಹಂಗಾಮಿನ ಕಥೆ ಹೇಳಬೇಕಾಗುತ್ತಿತ್ತು. ಕೊರೊನಾ ಇಳಿದ ಮೇಲಿನ ವರ್ಷ, ಜೀಡಿಮೆಟ್ಲಾದ ಒಂದು ಸಣ್ಣ ಕಾರ್ಖಾನೆ, ಮಳೆ ಹಿಡಿದಲ್ಲಿಂದ ಚಳಿ ಬೀಳುವ ತನಕದ ಕೆಲವು ತಿಂಗಳು. ಆ ತಿಂಗಳುಗಳಲ್ಲಿ ನನ್ನ ಕೆಲಸ ನಿಜವೋ ಸುಳ್ಳೋ ಎಂಬುದು ನನ್ನ ಮೂಗಿನ ಮೇಲೆ ನಿಂತಿತ್ತು. ಮೂಗು ನಿಜ ಹೇಳಲು ತಯಾರಿತ್ತು. ಹೇಳಲು ಬಿಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ನಮ್ಮ ಅಪ್ಪ ಕಲಬುರಗಿಯಿಂದ ಬಂದು ಇಲ್ಲಿನ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಮನೆಯಲ್ಲಿ ಕನ್ನಡ, ಗೇಟಿನಾಚೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ನಾನು ರಸಾಯನಶಾಸ್ತ್ರ ಓದಿ, ಹತ್ತಾರು ಕಡೆ ಅರ್ಜಿ ಹಾಕಿ, ಕೊನೆಗೆ ಜೀಡಿಮೆಟ್ಲಾದ ಈ ಇದ್ದಿಲಿನ ಕಾರ್ಖಾನೆಗೆ ಸೇರಿದೆ. ತೆಂಗಿನ ಚಿಪ್ಪು ಸುಟ್ಟು, ನೀರಿನ ಫಿಲ್ಟರಿಗೆ ಹಾಕುವ ಇದ್ದಿಲು ಮಾಡುವ ಜಾಗ ಅದು. ಒಂದು ಪಕ್ಕದಲ್ಲಿ ಔಷಧಿ ಕಾರ್ಖಾನೆ, ಇನ್ನೊಂದು ಪಕ್ಕದಲ್ಲಿ ಬಣ್ಣದ ಕಾರ್ಖಾನೆ. ಗಾಳಿ ಯಾವ ಕಡೆಯಿಂದ ಬೀಸಿದರೂ ಮೂಗಿಗೆ ಹಬ್ಬವಿಲ್ಲ. ಬೆಳಿಗ್ಗೆ ಉಟ್ಟುಹೋದ ಸೀರೆ ಸಂಜೆಗೆ ಸುಟ್ಟ ಚಿಪ್ಪಿನ ವಾಸನೆ ಹೊಡೆಯುತ್ತಿತ್ತು. ಅವ್ವ ನನ್ನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದಳು.

ಲ್ಯಾಬಿನ ಮುಖ್ಯಸ್ಥರು ಶರಣಪ್ಪ ಸರ್. ಸೇಡಂ ಕಡೆಯವರು, ತಲೆ ನೆರೆತವರು, ಹಣೆಯ ಮೇಲೆ ಸದಾ ವಿಭೂತಿ. ಆ ಕಾರ್ಖಾನೆಯಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ದಿನಾ ಹನ್ನೊಂದರ ಹೊತ್ತಿಗೆ ಅವರು ಹಾಟ್‌ಪ್ಲೇಟಿನ ಮೇಲೆ ಒಂದು ಬೀಕರು ಇಟ್ಟು ತಾವೇ ಚಹಾ ಮಾಡುತ್ತಿದ್ದರು. ಲ್ಯಾಬಿನಲ್ಲಿ ತಿನ್ನುವುದು ಕುಡಿಯುವುದು ಕೂಡದು ಎಂದು ಗೋಡೆಯ ಮೇಲೆ ದೊಡ್ಡ ಬೋರ್ಡು ಇತ್ತು, ಅದರ ಕೆಳಗೇ ಹಾಟ್‌ಪ್ಲೇಟೂ ಇತ್ತು. ಹಾಲು ತರಲು ಹೊರಗೆ ಹೋಗಬೇಕಾದ್ದರಿಂದ ಸುಲೇಮಾನಿ. ಆ ಬೀಕರಿಗೆ ಕೆಂಪು ದಾರ ಕಟ್ಟಿಟ್ಟಿದ್ದರು, ಆಸಿಡ್ಡಿನ ಬೀಕರುಗಳೊಡನೆ ಬೆರೆಯಬಾರದೆಂದು. "ಬಾರವಾ ಗಿರಿಜಾ, ಚಾ ಆಗೇತಿ" ಎಂದು ಕರೆಯುತ್ತಿದ್ದರು. ಆ ಹಾಳು ಜಾಗದಲ್ಲಿ ನನಗೆ ಇಷ್ಟವಾಗಿದ್ದ ಒಂದೇ ಒಂದು ಸಂಗತಿ ಅಂದರೆ ಆ ಚಹಾ.

ಕೊರೊನಾ ಇಳಿದ ಮೇಲೆ ಮಾಸ್ಕ್ ಮಾರುವವರು ನೊಣ ಹೊಡೆಯುತ್ತ ಕೂತಿದ್ದರು. ನಮ್ಮ ಮಾಲೀಕ ನರಸಿಂಹಂ ಅವರಿಗೆ ಅದರಲ್ಲೇ ಒಂದು ದಾರಿ ಕಂಡಿತು. ಸೋಂಕಿನ ಮಾಸ್ಕ್ ಹೋಯಿತು, ಪರಾಗದ ಮಾಸ್ಕ್ ಮಾಡೋಣ ಎಂದರು. ಮಳೆ ನಿಂತು ಬಿಸಿಲು ಬಿದ್ದರೆ ಊರಿನ ಅರ್ಧ ಜನ ಸೀನುತ್ತಾರೆ. ಖಾಲಿ ಸೈಟುಗಳಲ್ಲೆಲ್ಲ ಪಾರ್ಥೇನಿಯಂ ಕಳೆ, ರಸ್ತೆಯ ನಡುವೆ ನೆಟ್ಟ ಅಲಂಕಾರದ ಮರಗಳದ್ದು ಬೇರೆ. ಆ ಮಾಸ್ಕಿನ ಒಳಗೆ ಹಾಕುವ ಇದ್ದಿಲು ಮಾಡುವ ಕೆಲಸ ನನಗೆ ಬಂತು.

ಕೆಲಸವೇನೋ ನನಗೆ ಹಿಡಿಸಿತು. ಪರಾಗದ ಕಣ ದೊಡ್ಡದು, ಅದನ್ನು ಒಳ್ಳೆಯ ಬಟ್ಟೆಯೇ ತಡೆಯುತ್ತದೆ. ಆದರೆ ತೇವಕ್ಕೆ ಆ ಕಣ ಒಡೆದು ಒಳಗಿನ ಪ್ರೋಟೀನು ಕಣ್ಣಿಗೆ ಕಾಣದ ಧೂಳಾಗಿ ಹಾರುತ್ತದೆ, ಬಟ್ಟೆಯ ಕೈಗೆ ಸಿಗುವುದಿಲ್ಲ. ಮೂಗು ಜಗಳ ಆಡುವುದೇ ಆ ಪ್ರೋಟೀನಿನ ಜೊತೆ. ಸಾದಾ ಇದ್ದಿಲು ವಾಸನೆ ಹಿಡಿಯುತ್ತದೆ, ಬಣ್ಣ ಹಿಡಿಯುತ್ತದೆ. ಪ್ರೋಟೀನು ಮಾತ್ರ ಅದರ ಮೇಲೆ ಕೂತಂತೆ ಮಾಡಿ ಎದ್ದುಹೋಗುತ್ತದೆ. ಹಾಗಾಗಿ ಇಂಗಾಲದ ಮೈಯನ್ನೇ ಬದಲಾಯಿಸಬೇಕು. ಆಸಿಡ್ಡಿನಲ್ಲಿ ಕಾಯಿಸಿ ಅದರ ಅಂಚುಗಳನ್ನು ಒರಟು ಮಾಡಿ, ಆ ಒರಟು ಜಾಗಗಳಲ್ಲಿ ಪ್ರೋಟೀನಿಗೆ ಅಂಟಿಕೊಳ್ಳುವ ಬೇರೆ ಅಣುಗಳನ್ನು ಕೂರಿಸಬೇಕು. ಕೈಯಿಲ್ಲದ ಇದ್ದಿಲಿಗೆ ಕೈ ಕೂರಿಸುವುದು ಎಂದು ನಾನು ಅವ್ವನಿಗೆ ತಿಳಿಸಿ ಹೇಳಿದೆ. "ಮೊದಲ ನಿನ್ನ ಕೈ ತೊಳಕೊಂಡು ಬಾ, ತಾಟಿಗೆಲ್ಲ ಕರ್ರಗ ಹತ್ತಾಕತ್ತೇತಿ" ಎಂದಳು ಅವಳು.

ಇದ್ದಿಲು ಪ್ರೋಟೀನು ಹಿಡಿಯಿತೋ ಇಲ್ಲವೋ ತಿಳಿಯಲು ಒಂದು ಕಿಟ್ ಬೇಕು. ಅದು ಹೊರದೇಶದಿಂದ ಬರಬೇಕು. ತರಿಸೋಣ ತರಿಸೋಣ ಎಂದು ಮಾಲೀಕರು ಮಳೆಗಾಲವೆಲ್ಲ ಅನ್ನುತ್ತಲೇ ಇದ್ದರು. ಅಷ್ಟರಲ್ಲಿ ಅವರ ಕಣ್ಣಿಗೆ ನನ್ನ ಮೂಗು ಬಿತ್ತು. ನನಗೆ ಚಿಕ್ಕಂದಿನಿಂದ ಪಾರ್ಥೇನಿಯಂ ಆಗದು. ಅದು ಹೂ ಬಿಟ್ಟ ಬಯಲಿನ ಪಕ್ಕ ಆಟೋದಲ್ಲಿ ಹೋದರೂ ಸಾಕು, ಸೀನು ಶುರುವಾದರೆ ಕಣ್ಣು ಕೆಂಪಡರಿ ಉಸಿರು ಸಿಕ್ಕಿಕೊಳ್ಳುವ ತನಕ ಬಿಡುವುದಿಲ್ಲ. ತೆಲುಗಿನವರು ಆ ಕಳೆಗೆ ವಯ್ಯಾರಿಭಾಮ ಅನ್ನುತ್ತಾರೆ, ವಯ್ಯಾರದ ಹೆಣ್ಣು ಅಂತ ಅರ್ಥ. ಹೆಸರಿಟ್ಟವನಿಗೆ ಅಲರ್ಜಿ ಇದ್ದಿರಲಾರದು.

ಲ್ಯಾಬಿನ ಮೂಲೆಯಲ್ಲಿ ಗಾಜಿನ ಒಂದು ಪುಟ್ಟ ಕೋಣೆಯಿತ್ತು. ಮೊದಲು ಅಲ್ಲಿ ನಾಜೂಕು ತಕ್ಕಡಿ ಇಡುತ್ತಿದ್ದರಂತೆ, ಅದಕ್ಕೆ ತಕ್ಕಡಿ ಕೋಣೆ ಎಂದೇ ಹೆಸರು. ಅದರಲ್ಲಿ ಒಂದು ಕುರ್ಚಿ, ಒಂದು ಫ್ಯಾನು, ಕಾಂಪೌಂಡಿನ ಹೊರಗಿಂದ ಕಿತ್ತು ತಂದ ಪಾರ್ಥೇನಿಯಂ ಹೂವಿನ ತಟ್ಟೆ. ನನ್ನ ಹೊಸ ಇದ್ದಿಲು ತುಂಬಿದ ಮಾಸ್ಕ್ ಹಾಕಿಕೊಂಡು ನಾನು ಅಲ್ಲಿ ಕೂರಬೇಕು. ಸೀನಿದರೆ ಇದ್ದಿಲು ಫೇಲು. ಸೀನದಿದ್ದರೆ ಮಾಸ್ಕ್ ತೆಗೆಯಬೇಕು. ಆಗ ಸೀನು ಬರಲೇಬೇಕು. ಬಾರದಿದ್ದರೆ ಹೂವು ಹಳಸಿದೆ, ಪರೀಕ್ಷೆ ಲೆಕ್ಕಕ್ಕಿಲ್ಲ. ಈ ಎರಡನೆಯ ಅರ್ಧ ನಾನೇ ಹಟ ಹಿಡಿದು ಸೇರಿಸಿದ್ದು. ಒಬ್ಬಳ ಮೂಗಿನಿಂದ ಏನೂ ಸಾಬೀತಾಗುವುದಿಲ್ಲ ಅಂತ ನನಗೆ ಗೊತ್ತಿತ್ತು, ಹೇಳಿಯೂ ಹೇಳಿದೆ. ಆದರೆ ಅದಾದರೂ ನೆಟ್ಟಗಿರಲಿ ಎಂಬುದು ನನ್ನ ಹಟ.

ವಾರದೊಳಗೆ ನನಗೆ ಮೀಟರ್ ಎಂದು ಹೆಸರು ಬಿತ್ತು. ಗೇಟಿನ ಸೆಕ್ಯೂರಿಟಿಯವನು "ಮೀಟರ್ ಮೇಡಂ ಆಗಯೇ" ಎಂದು ನಾನು ಬಂದದ್ದನ್ನು ಒಳಗೆ ಕೂಗಿ ಹೇಳುತ್ತಿದ್ದ. ಮಾಲೀಕರು ಸಂಜೆ ಬಂದು "ಏಮ್ಮಾ, ಈ ರೋಜು ಎನ್ನಿ ತುಮ್ಮುಲು?" ಎಂದು ಇವತ್ತಿನ ಸೀನಿನ ಲೆಕ್ಕ ಕೇಳುತ್ತಿದ್ದರು, ಎಮ್ಮೆಯ ಹಾಲು ಕೇಳಿದ ಹಾಗೆ. ಅವ್ವ ನನ್ನ ಊದಿದ ಮುಖ ನೋಡಿ, "ಓದಿಸಿದ್ದು ಇದಕ್ಕೇನು? ಮೂಗು ಸುರಿಸಿ ಪಗಾರ ತಗೊಳ್ಳಾಕ?" ಎಂದು ಅಪ್ಪನ ಮೇಲೆ ಹರಿಹಾಯುತ್ತಿದ್ದಳು. ಅಪ್ಪ ಟಿವಿ ಸದ್ದು ಏರಿಸುತ್ತಿದ್ದರು.

ಅಲರ್ಜಿಯ ಮಾತ್ರೆ ತಗೋಬಾರದೇ ಎಂದು ಕೇಳಿದವರಿದ್ದಾರೆ. ಮಾತ್ರೆ ನುಂಗಿದರೆ ಸೀನೇ ಬಾರದು, ಪರೀಕ್ಷೆಯೇ ಹಾಳು. ಅದಲ್ಲದೆ ಆ ಬಿಳಿ ಮಾತ್ರೆ ನನಗೆ ಒಗ್ಗದು. ಹುಮನಾಬಾದಿನಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ಹೋದಾಗ ಒಂದು ನುಂಗಿ, ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದೆ. ಊಟದ ಪಂಕ್ತಿ ಎದ್ದ ಮೇಲೆ ಯಾರೋ ಅಲುಗಿಸಿ ಎಬ್ಬಿಸಿದರು. ಈ ಕಥೆಯನ್ನು ನಾನು ಚಹಾದ ಹೊತ್ತಿನಲ್ಲಿ ಶರಣಪ್ಪ ಸರ್‌ಗೆ ಹೇಳಿದ್ದೆ. ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು.

ಆ ಮಳೆಗಾಲ ಕೆಟ್ಟದಾಗಿತ್ತು. ಚಿಪ್ಪಿನ ರಾಶಿ ತೊಯ್ದು ಇದ್ದಿಲು ಸರಿಯಾಗಿ ಬೇಯುತ್ತಿರಲಿಲ್ಲ. ಮಾಡಿದ್ದೆಲ್ಲ ಫೇಲು. ಮಾಸ್ಕ್ ಹಾಕಿಕೊಂಡೇ ಸೀನುತ್ತಿದ್ದೆ. ಗಾಜಿನಾಚೆ ಮಾಲೀಕರು ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಒಂದು ದಿನ ಎಲ್ಲರ ಮುಂದೆ, ಕಾಲೇಜಿನಲ್ಲಿ ಏನು ಕಲಿಸಿದ್ದಾರೆ ಈ ಹುಡುಗಿಗೆ, ರೊಟ್ಟಿ ಬಡಿಯಲು ಕೂರಿಸಿದ್ದರೆ ಆಗಿತ್ತು ಎಂದರು. ನಾನು ಆ ತಟ್ಟೆಯ ಹೂವನ್ನೆಲ್ಲ ಅವರ ಕಾರಿನ ಎಸಿಯೊಳಗೆ ತುರುಕಬೇಕು ಎಂದುಕೊಂಡೆ. ತುರುಕಲಿಲ್ಲ. ಅಲರ್ಜಿ ಇಲ್ಲದವನಿಗೆ ಅದು ಬರೀ ಕಸ.

ಮಳೆ ನಿಂತಿತು. ಗಣಪತಿ ಮುಳುಗಿಸಿ, ದಸರೆ ಹತ್ತಿರ ಬರುತ್ತಿದ್ದ ಹಾಗೆ ಬಿಸಿಲು ಬಿತ್ತು. ಒಣಗಿದ ಚಿಪ್ಪು ಬಂತು. ಈ ಸಲ ಆಸಿಡ್ಡಿನಲ್ಲಿ ಇಡುವ ಹೊತ್ತನ್ನು ಕಡಿಮೆ ಮಾಡಿದೆ. ಇಷ್ಟು ದಿನ ಇದ್ದಿಲಿನ ರಂಧ್ರಗಳೇ ಕುಸಿಯುತ್ತಿದ್ದವು ಎಂದು ನನಗೆ ಅನುಮಾನವಿತ್ತು. ಆಮೇಲೆ ತೊಳೆದೆ, ಮತ್ತೆ ತೊಳೆದೆ, ನೀರಿನಲ್ಲಿ ಹುಳಿಯ ಸುಳಿವಿಲ್ಲದ ಹಾಗೆ ತೊಳೆದೆ. ಆ ಇದ್ದಿಲು ತುಂಬಿದ ಮಾಸ್ಕ್ ಹಾಕಿಕೊಂಡು ತಕ್ಕಡಿ ಕೋಣೆಯಲ್ಲಿ ಕೂತ ದಿನ ಶರಣಪ್ಪ ಸರ್ ಊರಿಗೆ ಹೋಗಿದ್ದರು, ಅವರ ಅತ್ತೆ ತೀರಿಕೊಂಡಿದ್ದರು. ನಾನೊಬ್ಬಳೇ. ಫ್ಯಾನು ತಿರುಗುತ್ತಿತ್ತು, ತೇವದ ಹೂವು ಎದುರಿಗೇ ಇತ್ತು. ಕೂತೆ. ಇನ್ನೂ ಕೂತೆ. ಮೂಗಿನ ಒಳಗೆ ಏನೂ ಇಲ್ಲ. ಕಣ್ಣು ಒಂದಿಷ್ಟು ಉರಿಯಿತು, ಅದಕ್ಕೇನೂ ಮಾಸ್ಕ್ ಇರಲಿಲ್ಲವಲ್ಲ. ಕೊನೆಗೆ ಮಾಸ್ಕ್ ತೆಗೆದೆ. ಎರಡು ಉಸಿರು ಎಳೆಯುವಷ್ಟರಲ್ಲಿ ಸೀನು ಶುರುವಾಗಿ, ಕುರ್ಚಿ ಹಿಡಿದು ಬಾಗಿ, ಸೀನಿ ಸೀನಿ ಸುಸ್ತಾಗಿ ಹೊರಗೆ ಬಂದು ನೆಲದ ಮೇಲೆ ಕೂತು ಅತ್ತೆ. ಸಂತೋಷಕ್ಕೆ ಅತ್ತದ್ದು ಜೀವನದಲ್ಲಿ ಅದೊಂದೇ ಸಲ.

ಶರಣಪ್ಪ ಸರ್ ಬಂದ ಮೇಲೆ ಅವರೆದುರು ಇನ್ನೊಮ್ಮೆ ಕೂರುತ್ತೇನೆ ಅಂದೆ. ಅವರು ಕೈ ಅಡ್ಡ ಹಿಡಿದರು.

"ಮತ್ತ ಮತ್ತ ಯಾಕ ಜೀವಾ ತಿಂತಿ? ಮಾರಿ ನೋಡ್ಕೊ, ಹೆಂಗಾಗೇತಿ. ನೀ ಆಗೇತಿ ಅಂದ್ರ ಆತು."

"ನೀವು ಕಣ್ಣಾರೆ ನೋಡಬೇಕ್ರಿ ಸರ್."

"ನಾ ನಂಬತೀನವಾ" ಎಂದು ಬೀಕರಿನಿಂದ ಚಹಾ ಬಗ್ಗಿಸಿಕೊಟ್ಟರು.

ನನ್ನ ಹೊಟ್ಟೆ ತಂಪಾಯಿತು. ಅಷ್ಟು ದಿನದಲ್ಲಿ ಆ ಕಾರ್ಖಾನೆಯಲ್ಲಿ ನನಗೆ ಆ ಮಾತು ಹೇಳಿದವರು ಯಾರೂ ಇರಲಿಲ್ಲ.

ಮಾಲೀಕರು ಆಗಲೇ ಒಂದು ದೊಡ್ಡ ಆಸ್ಪತ್ರೆಯ ಎದೆರೋಗದ ಡಾಕ್ಟರಮ್ಮನನ್ನು ಕರೆಸಿದ್ದರು. ಅವರು ಒಪ್ಪಿದರೆ ಆಸ್ಪತ್ರೆಯಲ್ಲೇ, ಕಿಟ್ ಇಟ್ಟುಕೊಂಡು, ನಿಜವಾದ ರೋಗಿಗಳ ಮೇಲೆ ಸರಿಯಾದ ಪರೀಕ್ಷೆ ನಡೆಯುತ್ತದೆ. ನನಗೆ ಬೇಕಾಗಿದ್ದದ್ದೂ ಅಷ್ಟೇ. ಆಮೇಲೆ ನಾನು ಮೀಟರ್ ಆಗಿರಬೇಕಿಲ್ಲ, ನನ್ನ ಇದ್ದಿಲಿಗೆ ಒಂದು ಮರ್ಯಾದೆ ಬರುತ್ತದೆ. ಆದರೆ ಡಾಕ್ಟರಮ್ಮ ಬರುವ ಹಿಂದಿನ ದಿನ ಮಾಲೀಕರು ಹೊಸ ವರಸೆ ತೆಗೆದರು. ಮಾಸ್ಕ್ ಹಾಕಿಕೊಂಡು ಸೀನದೆ ಕೂತರೆ ಸಾಕು, ತೆಗೆದು ತೋರಿಸುವುದು ಬೇಡ, ಹೆಣ್ಣುಮಗಳು ಅತಿಥಿಗಳ ಮುಂದೆ ಸಿಂಬಳ ಸುರಿಸುವುದು ಚೆಂದವಲ್ಲ, ಬಿರಿಯಾನಿ ಹೇಳಿದ್ದೇನೆ ಎಂದರು. ಅರ್ಧ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ನಾನು ಜಗಳ ತೆಗೆದೆ. ಅವರು ಶರಣಪ್ಪ ಸರ್ ಕಡೆ ತಿರುಗಿ, ನಾಳೆ ಒಂದು ಸೀನು ಕೇಳಿದರೂ ಈ ಲ್ಯಾಬಿಗೆ ಬೀಗ ಎಂದು ಹೇಳಿ ಹೊರಟುಹೋದರು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

ಮರುದಿನ ಹನ್ನೊಂದಕ್ಕೆ ಎಂದಿನಂತೆ ಚಹಾ ಆಯಿತು. ನಿಂಬೆ ಜಾಸ್ತಿ, ಶುಂಠಿ ಜಾಸ್ತಿ, ಸಕ್ಕರೆಯಂತೂ ಪಾಕ.

"ಸರ್, ಇವತ್ತ ಸಿಹಿ ಭಾಳ ಆತ್ರಿ."

"ಚಲೋ ದಿನ ಅಲ್ಲೇನವಾ ಇವತ್ತ. ಕುಡಿ, ಪೂರಾ ಕುಡಿ."

ಪೂರಾ ಕುಡಿದೆ. ತಳದಲ್ಲಿ ಒಂದಿಷ್ಟು ಕಹಿ ಇತ್ತು, ನಿಂಬೆಯ ಬೀಜ ಜಜ್ಜಿರಬೇಕು ಎಂದುಕೊಂಡೆ.

ಡಾಕ್ಟರಮ್ಮ ಮಧ್ಯಾಹ್ನ ಬಂದರು. ತೆಳ್ಳಗೆ, ಗಿಡ್ಡ ಕೂದಲು, ನಗುವಿಗೆ ಜಾಗವಿಲ್ಲದ ಮುಖ. ನನಗೆ ನೋಡಿದ ಕೂಡಲೇ ಅವರ ಮೇಲೆ ಗೌರವ ಬಂತು. ನಾನು ಮಾಸ್ಕ್ ಹಾಕಿಕೊಂಡು ತಕ್ಕಡಿ ಕೋಣೆಗೆ ಹೋಗಿ ಕೂತೆ. ಫ್ಯಾನು ಹಾಕಿದರು. ಗಾಜಿನಾಚೆ ಮಾಲೀಕರು, ಶರಣಪ್ಪ ಸರ್, ಡಾಕ್ಟರಮ್ಮ. ಸೀನು ಬರಲಿಲ್ಲ. ಹೊತ್ತು ಹೋದ ಹಾಗೆ ಮಾಲೀಕರ ಮುಖ ಅರಳುತ್ತ ಹೋಯಿತು. ನನಗೆ ಮಾತ್ರ ಆಕಳಿಕೆ ಬರುತ್ತಿತ್ತು. ಸೆಕೆ ಇರಬೇಕು, ರಾತ್ರಿ ಕಾತರಕ್ಕೆ ನಿದ್ದೆ ಆಗಿರಲಿಲ್ಲ.

ಊಟಕ್ಕೆ ಏಳೋಣವೇ ಎಂದು ಮಾಲೀಕರು ಕೈ ತೋರಿಸಿದರು. ಡಾಕ್ಟರಮ್ಮ ಅಲುಗಲಿಲ್ಲ.

"ಈಗ ಅವರು ಮಾಸ್ಕ್ ತೆಗೆಯಲಿ" ಎಂದರು ಹಿಂದಿಯಲ್ಲಿ.

ನನಗೆ ಎದ್ದು ಅವರ ಕೈ ಹಿಡಿಯಬೇಕು ಅನ್ನಿಸಿತು. ನಾನು ಕೇಳಿದ್ದೂ ಅದನ್ನೇ ಅಲ್ಲವೇ. ಸೀನಲು ಅಷ್ಟು ಉತ್ಸಾಹದಿಂದ ಈ ಭೂಮಿಯ ಮೇಲೆ ಯಾರೂ ಮಾಸ್ಕ್ ತೆಗೆದಿರಲಾರರು. ತೆಗೆದು ಉದ್ದಕ್ಕೆ ಉಸಿರೆಳೆದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಎಳೆದೆ. ತಟ್ಟೆಯ ಮೇಲೆ ಬಾಗಿ, ಹೂವಿಗೆ ಮೂಗು ತಾಗಿಸಿ ಎಳೆದೆ. ಆಕಳಿಕೆ ಬಂತು. ಮೂಗು ಒಣಗಿದ ಕೊಳವೆ.

ಗಾಜಿನಾಚೆ ಮಾಲೀಕರು ಕರವಸ್ತ್ರ ತೆಗೆದು ತಮ್ಮ ಮೂಗನ್ನು ಜೋರಾಗಿ ಉಜ್ಜತೊಡಗಿದರು. ಅರ್ಥವಾಯಿತು. ಸೀನಿದ ಹಾಗೆ ಮಾಡು ಅನ್ನುತ್ತಿದ್ದಾರೆ. ಮಾಡಲು ನನಗೆ ಬರುತ್ತಿರಲಿಲ್ಲವೇ? ಒಂದು ಇಡೀ ಮಳೆಗಾಲ ಸೀನಿದವಳು ನಾನು. ಯಾವ ಸೀನು ಎಲ್ಲಿಂದ ಏಳುತ್ತದೆ, ಹೆಗಲು ಹೇಗೆ ಕುಣಿಯುತ್ತದೆ ಎಲ್ಲ ಗೊತ್ತಿತ್ತು. ಆದರೆ ನನ್ನ ಇದ್ದಿಲು ನಿಜವಾಗಿ ಕೆಲಸ ಮಾಡುತ್ತಿತ್ತು. ನಿಜವಾದ ವಸ್ತುವಿಗೆ ಸುಳ್ಳು ಸೀನಿನ ಸಾಕ್ಷಿ ಕೊಡಲು ನನಗೆ ಮನಸ್ಸು ಒಪ್ಪಲಿಲ್ಲ. ಸುಮ್ಮನೆ ಕೂತೆ.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. "ಅಲರ್ಜಿಗೆ ಏನಾದರೂ ಮಾತ್ರೆ ತಗೊಂಡಿದ್ದೀರಾ?"

"ಇಲ್ಲ."

ತಮ್ಮ ಚೀಲದಿಂದ ಒಂದು ಸಣ್ಣ ಸೂಜಿ ತೆಗೆದರು. ನಾವು ಹೂವಿನಿಂದ ಮಾಡಿಟ್ಟಿದ್ದ ರಸದ ಒಂದು ಹನಿಯನ್ನು ನನ್ನ ಮುಂಗೈ ಮೇಲಿಟ್ಟು ಚುಚ್ಚಿದರು. ನನಗೆ ಅದು ಹೊಸತಲ್ಲ. ಹಿಂದೆ ಆ ರಸ ಕೈಗೆ ಬಿದ್ದಾಗಲೆಲ್ಲ ಕಜ್ಜಿಯಂತೆ ದಪ್ಪ ದದ್ದು ಎದ್ದಿತ್ತು. ಕಾದೆವು. ಕೈ ಬೋಳಾಗಿ ಹಾಗೇ ಇತ್ತು. ನಾನು ಮತ್ತೆ ಆಕಳಿಸಿದೆ. ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಕೈ ಒರೆಸಿಕೊಂಡರು.

"ಒಂದೋ ನಿಮಗೆ ಅಲರ್ಜಿಯೇ ಇಲ್ಲ. ಇಲ್ಲವೇ ಮಾತ್ರೆ ನುಂಗಿ ಬಂದು ಇಲ್ಲ ಅನ್ನುತ್ತಿದ್ದೀರಿ. ನನ್ನ ರೋಗಿಗಳು ಉಸಿರಿಗೆ ಒದ್ದಾಡುತ್ತಾರೆ. ಅವರ ಮುಂದೆ ಈ ನಾಟಕ ತರಬೇಡಿ."

ಅದನ್ನು ಅವರು ಕೂಗಿ ಹೇಳಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಬಿರಿಯಾನಿ ಮುಟ್ಟದೆ ಹೋದರು. ಮಾಲೀಕರು ನನ್ನ ಕಡೆ ನೋಡಿ ತೆಲುಗಿನಲ್ಲಿ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಶರಣಪ್ಪ ಸರ್ ಬೇಸಿನ್ನಿನ ಹತ್ತಿರ ನಿಂತು ಕೆಂಪು ದಾರದ ಬೀಕರನ್ನು ತೊಳೆಯುತ್ತಿದ್ದರು. ಬಹಳ ಹೊತ್ತು ತೊಳೆದರು.

ಮನೆಗೆ ಬಂದು ಚಪ್ಪಲಿ ಬಿಟ್ಟವಳು ಸೋಫಾದ ಮೇಲೆ ಬಿದ್ದದ್ದಷ್ಟೇ ಗೊತ್ತು. ಎಚ್ಚರವಾದಾಗ ಅವ್ವ ದೀಪ ಹಚ್ಚುತ್ತಿದ್ದಳು.

"ಏನ್ ನಿದ್ದಿನವಾ ಇದು! ಆ ಹುಮನಾಬಾದ್ ಲಗ್ನದಾಗ ಗುಳಿಗಿ ನುಂಗಿ ಮಲಗಿದ್ದಿಯಲ್ಲ, ಥೇಟ್ ಹಂಗ. ಬಾಯಿ ತೆಕ್ಕೊಂಡು."

ನಾನು ಎದ್ದು ಕೂತೆ. ಸಿಹಿ ಚಹಾ. ತಳದ ಕಹಿ. ಪೂರಾ ಕುಡಿ. ಅವ್ವ ದೀಪದ ಮುಂದೆ ಕೈ ಮುಗಿದು ತಿರುಗಿದಾಗ ನನ್ನ ಮುಖ ನೋಡಿ ಹೆದರಿಕೊಂಡಳು.

ಮರುದಿನ ಲ್ಯಾಬಿಗೆ ಹೋಗಿ ನೇರವಾಗಿ ಕೇಳಿದೆ. "ಚಾದಾಗ ಗುಳಿಗಿ ಹಾಕಿದ್ರೇನ್ರಿ ಸರ್?"

ಅವರು ಇಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಬಾಗಿಲು ಮುಂದಕ್ಕೆ ಮಾಡಿ ಬಂದು ಸ್ಟೂಲಿನ ಮೇಲೆ ಕೂತರು.

"ನಿನ್ನ ಸಲುವಾಗೇ ಹಾಕಿದ್ದವಾ. ಒಂದು ಸೀನು ಬಂದಿದ್ರ ಲ್ಯಾಬ್ ಹೋಗತಿತ್ತು, ನೀನೂ ಹೋಗತಿದ್ದಿ. ಆಕಿ ಮಾಸ್ಕ್ ತೆಗಿ ಅಂತಾಳ ಅಂತ ಯಾರಿಗೆ ಗೊತ್ತಿತ್ತು?"

"ಮಾಸ್ಕ್ ಕೆಲಸ ಮಾಡತೈತಿ ಅಂತ ಹೇಳಿದ್ದಿಲ್ಲೇನು ನಾನು?"

"ಹೇಳಿದ್ದಿ."

"ನಂಬತೀನಿ ಅಂದಿದ್ರಿ."

ನನಗೆ ಆಗ ಬಂದ ಸಿಟ್ಟು ಮಾತ್ರೆಗಲ್ಲ. ಮಾಲೀಕ ನಂಬದಿದ್ದದ್ದು ಸರಿ, ಅವನಿಗೆ ಇದ್ದಿಲು ಅಂದರೆ ಮಾರುವ ಮಾಲು. ಡಾಕ್ಟರಮ್ಮ ನಂಬದಿದ್ದದ್ದೂ ಸರಿ, ಅವರು ಕಂಡದ್ದನ್ನು ಹೇಳಿದರು. ದಿನಾ ಎದುರಿಗೆ ಕೂತು, ನಂಬುತ್ತೇನೆ ಎಂದು ಚಹಾ ಬಗ್ಗಿಸಿಕೊಟ್ಟ ಮನುಷ್ಯ ಮಾತ್ರ ಒಳಗೊಳಗೇ ನನ್ನನ್ನು ಸುಳ್ಳಿ ಎಂದು ಎಣಿಸಿದ್ದ. ನನ್ನ ಒಂದು ಇಡೀ ಹಂಗಾಮನ್ನು ಒಂದು ಬಿಳಿ ಮಾತ್ರೆ ಹಾಕಿ ಕದಡಿಬಿಟ್ಟಿದ್ದ.

ಮಾತ್ರೆಯ ಗುಣ ಪೂರ್ತಿ ಇಳಿದು ಮೂಗು ದಾರಿಗೆ ಬರಲು ಕೆಲವು ದಿನ ಬೇಕಾಯಿತು. ಆ ದಿನಗಳಲ್ಲಿ ನಾನು ಮನೆಯಿಂದ ಒಯ್ದ ನೀರು ಬಿಟ್ಟು ಅಲ್ಲಿ ಏನೂ ಕುಡಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಶರಣಪ್ಪ ಸರ್‌ರನ್ನು ಗಾಜಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆ. "ಏಳಬ್ಯಾಡ್ರಿ, ನೋಡ್ರಿ" ಎಂದೆ. ಹೊಸದಾಗಿ ಕಿತ್ತು ತಂದ ಹೂವಿನ ತಟ್ಟೆ, ಅದೇ ಇದ್ದಿಲಿನ ಮಾಸ್ಕ್. ಕೂತೆ. ಅವರ ಮುಖವನ್ನೇ ನೋಡುತ್ತ ಕೂತೆ. ಸೀನು ಬರಲಿಲ್ಲ. ಅವರು ಎರಡು ಸಲ ಏಳಲು ಹೊರಟಾಗ ಗಾಜಿಗೆ ಬೆರಳಿನಿಂದ ಬಡಿದು ಕೂರಿಸಿದೆ. ಕೊನೆಗೆ ಮಾಸ್ಕ್ ತೆಗೆದೆ. ಅವತ್ತು ಸೀನಿದ ಹಾಗೆ ನಾನು ಎಂದೂ ಸೀನಿಲ್ಲ. ಉಸಿರು ಸೀಟಿ ಹೊಡೆಯತೊಡಗಿ, ಮೂಗಿನಿಂದ ರಕ್ತ ಬಂದು ಅವರೇ ಬಾಗಿಲು ತೆರೆದು ನನ್ನನ್ನು ಎಳೆದುಕೊಂಡರು.

"ಖರೇನ ಕೆಲಸ ಮಾಡತೈತಲ್ಲವಾ" ಎಂದರು. ಮುಖದಲ್ಲಿ ನಿಜವಾದ ಆಶ್ಚರ್ಯ. ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

"ಡಾಕ್ಟರಮ್ಮಗ ಫೋನ್ ಮಾಡಿ ಹೇಳ್ರಿ. ಗುಳಿಗಿ ನೀವು ಹಾಕಿದ್ದು ಅಂತ ಹೇಳ್ರಿ."

"ಅದೊಂದು ಕೇಳಬ್ಯಾಡ" ಎಂದರು. "ರಿಟೈರ್ ಆಗೂ ಹೊತ್ತಿನಾಗ ನನ್ನ ಹೆಸರು ಕೆಡಿಸಿಕೊಳ್ಳಲೇನು?"

ನನ್ನ ಹೆಸರು ಕೆಟ್ಟದ್ದು ಅವರ ಲೆಕ್ಕದಲ್ಲಿ ಇರಲಿಲ್ಲ. ನಾನೇ ಆಸ್ಪತ್ರೆಗೆ ಫೋನು ಮಾಡಿದೆ. ಬಹಳ ಪ್ರಯತ್ನದ ಮೇಲೆ ಡಾಕ್ಟರಮ್ಮ ಸಿಕ್ಕರು, ಪೂರ್ತಿ ಕೇಳಿಸಿಕೊಂಡರು ಕೂಡ. "ಅವತ್ತು ಮಾತ್ರೆ ತಗೊಂಡಿಲ್ಲ ಅಂದಿರಿ. ಇವತ್ತು ಚಹಾದಲ್ಲಿತ್ತು ಅನ್ನುತ್ತೀರಿ. ಹಾಕಿದವರು ಹೇಳಲಿ, ಆಮೇಲೆ ನೋಡೋಣ" ಎಂದು ಇಟ್ಟುಬಿಟ್ಟರು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ, ಅದೇ ಇನ್ನೂ ಹೊಟ್ಟೆ ಉರಿಸುವ ವಿಷಯ.

ಚಳಿ ಬಿದ್ದ ಹೊತ್ತಿಗೆ ಮಾಲೀಕರು ಮಾಸ್ಕಿನ ಕೆಲಸ ನಿಲ್ಲಿಸಿದರು. ಲ್ಯಾಬಿಗೆ ಬೀಗ ಬೀಳಲಿಲ್ಲ, ನೀರಿನ ಫಿಲ್ಟರಿಗೆ ಅದು ಬೇಕಿತ್ತು. ನನ್ನನ್ನು ಮಾತ್ರ ಮುಂದಿನ ತಿಂಗಳಿಂದ ಬರಬೇಡ ಅಂದರು. ಶರಣಪ್ಪ ಸರ್ ಉಳಿದರು.

ಕೊನೆಯ ದಿನ ನಾನು ನನ್ನ ಸಾಮಾನು ಕಟ್ಟುತ್ತಿದ್ದೆ. ಹನ್ನೊಂದಾಯಿತು. ಹಾಟ್‌ಪ್ಲೇಟಿನ ಮೇಲೆ ಬೀಕರು ಏರಿತು. ಏನೂ ಆಗೇ ಇಲ್ಲವೆಂಬಂತೆ ಅವರು ಶುಂಠಿ ಜಜ್ಜಿದರು, ನಿಂಬೆ ಹಿಂಡಿದರು, ಎರಡು ಗ್ಲಾಸು ಇಟ್ಟರು.

"ಬಾರವಾ ಗಿರಿಜಾ, ಚಾ ಆಗೇತಿ. ಇವತ್ತರ ಕುಡಿ. ಮನಸ್ಸಿನಾಗ ಏನೂ ಇಟ್ಕೊಬ್ಯಾಡ."

ನಾನು ಉದ್ದನೆಯ ಗಾಜಿನ ಕೊಳವೆಯೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತಳಕ್ಕೆ ಹತ್ತಿ ತುರುಕಿ, ನನ್ನ ಉಳಿದ ಇದ್ದಿಲನ್ನೆಲ್ಲ ಅದರಲ್ಲಿ ತುಂಬಿದೆ. ಮೊದಲು ನೀರು ಬಿಟ್ಟೆ, ಕರಿ ಪುಡಿ ತೊಳೆದುಹೋಗುವ ತನಕ. ಆಮೇಲೆ ಅವರ ಬೀಕರು ಎತ್ತಿ, ಇದ್ದ ಚಹಾವನ್ನೆಲ್ಲ ನಿಧಾನವಾಗಿ ಮೇಲಿನಿಂದ ಸುರಿದೆ. ಅವರು ಸ್ಟೂಲಿನಿಂದ ಅರ್ಧ ಎದ್ದು ಹಾಗೇ ನಿಂತರು. ಮೇಲೆ ಕಂದು ಚಹಾ ಇಳಿಯುತ್ತಿತ್ತು, ಕೆಳಗೆ ಹನಿ ಹನಿಯಾಗಿ ಬರೀ ತಿಳಿನೀರು ಬೀಳುತ್ತಿತ್ತು. ಮೊದಲು ಬಂದ ನೀರು ಚೆಲ್ಲಿ, ಆಮೇಲಿನದನ್ನು ಗ್ಲಾಸಿಗೆ ಹಿಡಿದೆ. ಬಣ್ಣವಿಲ್ಲ, ಶುಂಠಿಯ ವಾಸನೆಯಿಲ್ಲ. ಅದನ್ನು ಅವರ ಮುಂದೆ ಇಟ್ಟೆ.

"ಕುಡೀರಿ ಸರ್. ಇದರಾಗ ನೀವು ಏನು ಹಾಕಿದ್ರೂ ಈಗ ಇಲ್ಲ."

ಅವರು ಗ್ಲಾಸು ಎತ್ತಿದರು. ಬೆಳಕಿಗೆ ಹಿಡಿದು ನೋಡಿದರು. ಮೂಗಿನ ಹತ್ತಿರ ತಂದು, ಮತ್ತೆ ಕೆಳಗಿಟ್ಟರು.

"ಆಸಿಡ್ಡಿನ ಇದ್ದಿಲವಾ ಅದು. ಹೊಟ್ಟಿಗೇನರ ಆದ್ರ?"

"ತೊಳದೇನ್ರಿ. ನಂಬ್ರಿ."

ಅವರು ಗ್ಲಾಸನ್ನು ಒಂದಿಷ್ಟು ಆಚೆ ಸರಿಸಿದರು. ಕಣ್ಣಾರೆ ನೋಡಿದ ಮೇಲೂ ಅವರಿಗೆ ನನ್ನ ಇದ್ದಿಲಿನ ಮೇಲೆ ನಂಬಿಕೆ ಬಂದಿರಲಿಲ್ಲ.

ನಾನೇ ಎತ್ತಿಕೊಂಡು ಕುಡಿದೆ. ಒಂದೇ ಗುಟುಕಿಗೆ, ಅವರ ಮುಖ ನೋಡುತ್ತ. ಚಹಾದ ರುಚಿ ಇರಲಿಲ್ಲ, ನಿಂಬೆ ಇರಲಿಲ್ಲ, ಕಹಿ ಇರಲಿಲ್ಲ. ಸಕ್ಕರೆ ಮಾತ್ರ ಹಾಗೇ ಇತ್ತು. ಅದೊಂದನ್ನು ನನ್ನ ಇದ್ದಿಲು ಹಿಡಿಯುತ್ತಿರಲಿಲ್ಲ. ಬಾಯಿ ಒರೆಸಿಕೊಂಡು ಚೀಲ ಎತ್ತಿಕೊಂಡು ಗೇಟಿನ ಕಡೆ ನಡೆದೆ. ಬಸ್ಸು ಹತ್ತಿದ ಮೇಲೂ ಬಾಯಿಯ ಸಿಹಿ ಹೋಗಿರಲಿಲ್ಲ.